ಬೈಕ್ ಟ್ಯಾಕ್ಸಿಗೆ ಯಾವ ಎಂಜಿನ್ ಆಯಿಲ್? ಮೀಟರ್ ಎಣಿಸದ ಗಂಟೆಗಳ ಲೆಕ್ಕ

ಬೈಕ್ ಟ್ಯಾಕ್ಸಿ ಬಗ್ಗೆ ಕರ್ನಾಟಕದಲ್ಲಿ ಕೆಲವು ವರ್ಷಗಳಿಂದ ಜಗಳ ನಡೀತಾನೇ ಇದೆ. ಬಿಳಿ ಬೋರ್ಡ್ ಗಾಡಿ ಬಾಡಿಗೆಗೆ ಓಡಬಹುದಾ? ಆಟೋ ಚಾಲಕರ ಹೊಟ್ಟೆಪಾಡು ಏನಾಗಬೇಕು? ಹಿಂದೆ ಕೂರುವ ಹೆಣ್ಣುಮಕ್ಕಳ ಸುರಕ್ಷತೆಗೆ ಯಾರು ಹೊಣೆ? ಮೆಟ್ರೊ ಸ್ಟೇಷನ್‌ನಿಂದ ಮನೆವರೆಗಿನ ಕೊನೇ ಎರಡು ಕಿಲೋಮೀಟರ್‌ಗೆ ಏನು ದಾರಿ? ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ದಿನಾ ಹತ್ತು ಗಂಟೆ ಆ ಗಾಡಿ ಮೇಲೆ ಕೂರುವ ಮನುಷ್ಯನ ಮೊದಲ ಪ್ರಶ್ನೆ ಇವುಗಳಲ್ಲಿ ಯಾವುದೂ ಅಲ್ಲ. ಆತ ಗ್ಯಾರೇಜಿನಲ್ಲಿ ಕೇಳೋದು ಇಷ್ಟೇ: "ಅಣ್ಣಾ, ಯಾವ ಆಯಿಲ್ ಹಾಕಿಸಲಿ?"

ಉತ್ತರ ಗ್ಯಾರೇಜಿಗೊಂದು. ಒಬ್ಬರು "ಕಂಪನಿ ಆಯಿಲೇ ಹಾಕ್ಸು" ಅಂತಾರೆ, ಇನ್ನೊಬ್ಬರು "ಬೆಂಗ್ಳೂರು ಟ್ರಾಫಿಕ್‌ಗೆ ದಪ್ಪ ಆಯಿಲ್ ಬೇಕು" ಅಂತಾರೆ, ಮತ್ತೊಬ್ಬರು ಸಿಂಥೆಟಿಕ್ ಡಬ್ಬ ಎತ್ತಿ ತೋರಿಸ್ತಾರೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನಾಗಿ ನನಗೆ ಈ ಪ್ರಶ್ನೆ ಎರಡು ಕಡೆಯಿಂದಲೂ ಮುಖ್ಯ ಅನ್ನಿಸುತ್ತೆ. ಇದಕ್ಕೊಂದು ತಾಂತ್ರಿಕ ಉತ್ತರ ಇದೆ, ಅದು ಅಷ್ಟೇನೂ ಕಷ್ಟದ್ದಲ್ಲ. ಆ ಉತ್ತರ ಹುಡುಕುತ್ತಾ ಹೋದರೆ ಇನ್ನೊಂದು ಪ್ರಶ್ನೆ ಎದುರಾಗುತ್ತೆ: ಈ ಗಾಡಿಯ ಸವೆತದ ಖರ್ಚನ್ನು ಯಾರು ಎಣಿಸ್ತಿದ್ದಾರೆ?

ಮೊದಲು ಆಯಿಲ್ ನೋಡೋಣ. ಆಮೇಲೆ ಲೆಕ್ಕ.

ಮ್ಯಾನ್ಯುಯಲ್ ಬರೆದದ್ದು ಬೇರೆಯವರಿಗೆ

100 ಸಿಸಿ, 125 ಸಿಸಿ ಬೈಕ್‌ಗಳ ಜೊತೆ ಬರುವ ಪುಸ್ತಕದಲ್ಲಿ ಇಷ್ಟು ಕಿಲೋಮೀಟರ್‌ಗೆ ಒಮ್ಮೆ ಆಯಿಲ್ ಬದಲಿಸಿ ಎಂದು ಬರೆದಿರುತ್ತೆ. ಮಾದರಿಗೆ ತಕ್ಕಂತೆ ಅದು 3000 ಇರಬಹುದು, 6000 ಇರಬಹುದು. ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಹೋಗಿ ಬರುವವರಿಗೆ ಆ ಲೆಕ್ಕ ಸರಿ.

ಬೈಕ್ ಟ್ಯಾಕ್ಸಿಗೆ ಅದು ಹೊಂದೋದಿಲ್ಲ. ಯಾಕೆ ಅಂತ ಒಂದು ಸಣ್ಣ ಲೆಕ್ಕದಲ್ಲಿ ನೋಡಿ. ಊರಿಂದೂರಿಗೆ ಹೆದ್ದಾರಿಯಲ್ಲಿ ಸರಾಸರಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುವ ಬೈಕ್ 3000 ಕಿ.ಮೀ. ಮುಗಿಸೋಕೆ ಎಂಜಿನ್ 60 ಗಂಟೆ ಓಡಬೇಕು. ಅದೇ ಬೈಕ್ ಸಿಲ್ಕ್ ಬೋರ್ಡ್, ಹೆಬ್ಬಾಳ, ಕೆ.ಆರ್.ಪುರದ ಟ್ರಾಫಿಕ್‌ನಲ್ಲಿ ಸರಾಸರಿ 15 ಕಿ.ಮೀ. ವೇಗದಲ್ಲಿ ಹೋದರೆ 3000 ಕಿ.ಮೀ.ಗೆ 200 ಗಂಟೆ. ಮೀಟರ್ ತೋರಿಸುವ ಸಂಖ್ಯೆ ಒಂದೇ, ಆಯಿಲ್ ಬೆಂದ ಹೊತ್ತು ಮೂರು ಪಟ್ಟಿಗಿಂತ ಜಾಸ್ತಿ. ಸಿಗ್ನಲ್‌ನಲ್ಲಿ ಎಂಜಿನ್ ಆನ್ ಇಟ್ಟು ನಿಂತಾಗ ಕಿಲೋಮೀಟರ್ ಒಂದೂ ಏರೋದಿಲ್ಲ, ಆಯಿಲ್ ಮಾತ್ರ ಕೆಲಸ ಮಾಡ್ತಾನೇ ಇರುತ್ತೆ.

ಟ್ರ್ಯಾಕ್ಟರ್ ಇಟ್ಟುಕೊಂಡ ಮನೆಯವರಿಗೆ ಈ ಮಾತು ಹೊಸದಲ್ಲ. ಟ್ರ್ಯಾಕ್ಟರ್, ಜೆಸಿಬಿಗಳಲ್ಲಿ ಅವರ್ ಮೀಟರ್ ಇರುತ್ತೆ, ಸರ್ವಿಸ್ ಆಗೋದು ಗಂಟೆ ಲೆಕ್ಕದಲ್ಲಿ. ನಿಂತಲ್ಲೇ ದುಡಿಯುವ ಯಂತ್ರಕ್ಕೆ ಕಿಲೋಮೀಟರ್ ಅಳತೆ ಆಗೋದಿಲ್ಲ ಅನ್ನೋದು ಅವುಗಳನ್ನು ತಯಾರಿಸುವವರಿಗೆ ಗೊತ್ತು. ಬೆಂಗಳೂರಿನ ಬೈಕ್ ಟ್ಯಾಕ್ಸಿ ಕೂಡ ಅರ್ಧ ಹೊತ್ತು ನಿಂತಲ್ಲೇ ದುಡಿಯುವ ಯಂತ್ರವೇ. ಆದರೆ ಅದಕ್ಕೆ ಅವರ್ ಮೀಟರ್ ಇಲ್ಲ.

ಇದರ ಜೊತೆ ಇನ್ನೂ ಕೆಲವು ಸೇರಿಕೊಳ್ಳುತ್ತವೆ. ಈ ಬೈಕ್‌ಗಳಲ್ಲಿ ಹೆಚ್ಚಿನವು ಗಾಳಿಯಿಂದಲೇ ತಣ್ಣಗಾಗುವಂಥವು. ರೇಡಿಯೇಟರ್ ಇಲ್ಲ, ಫ್ಯಾನ್ ಇಲ್ಲ. ಗಾಡಿ ಓಡಿದರೆ ಗಾಳಿ, ನಿಂತರೆ ಬಿಸಿ. ಹಿಂದೆ ಒಬ್ಬರು ಕೂತಿರುತ್ತಾರೆ, ಅವರ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್. ಹತ್ತಡಿ ಮುಂದೆ ಹೋಗೋದು, ನಿಲ್ಲೋದು, ಮತ್ತೆ ಹತ್ತಡಿ – ಈ ಆಟದಲ್ಲಿ ಕ್ಲಚ್ ಅರ್ಧ ಹಿಡಿದೇ ಇರಬೇಕು. ಆ ಉಜ್ಜಾಟದ ಬಿಸಿಯೂ ಆಯಿಲ್‌ಗೇ ಬಂದು ಸೇರುತ್ತೆ. ಮೆಟ್ರೊ ಕಾಮಗಾರಿ, ಅಗೆದ ರಸ್ತೆಗಳ ಧೂಳಂತೂ ಹೇಳೋದೇ ಬೇಡ. ಬಹುತೇಕ ಮ್ಯಾನ್ಯುಯಲ್‌ಗಳಲ್ಲಿ, ಧೂಳು ಮತ್ತು ಕಠಿಣ ಬಳಕೆ ಇದ್ದರೆ ಇನ್ನೂ ಬೇಗ ಬದಲಿಸಿ ಎಂಬ ಸಣ್ಣ ಅಕ್ಷರದ ಸಾಲೊಂದು ಇರುತ್ತೆ. ಬೈಕ್ ಟ್ಯಾಕ್ಸಿಯ ಇಡೀ ಬದುಕು ಆ ಸಣ್ಣ ಅಕ್ಷರದ ಸಾಲಿನಲ್ಲೇ ನಡೆಯುತ್ತೆ.

ಒಂದೇ ಆಯಿಲ್, ಮೂರು ಕೆಲಸ

ಕಾರಿನಲ್ಲಿ ಎಂಜಿನ್‌ಗೆ ಒಂದು ಆಯಿಲ್, ಗೇರ್‌ಬಾಕ್ಸ್‌ಗೆ ಬೇರೆ ಆಯಿಲ್. ಕ್ಲಚ್ ಸಾಮಾನ್ಯವಾಗಿ ಒಣಗಿರುತ್ತೆ, ಆಯಿಲ್ ಅದಕ್ಕೆ ತಾಗೋದೇ ಇಲ್ಲ. ಆಯಿಲ್‌ನ ಪ್ರಮಾಣವೂ ಮೂರು ಲೀಟರ್ ಅಥವಾ ಅದಕ್ಕಿಂತ ಹೆಚ್ಚು.

ಗೇರ್ ಇರುವ ಸಾಮಾನ್ಯ ಬೈಕ್‌ನಲ್ಲಿ ಒಂದೇ ಲೀಟರ್ ಆಸುಪಾಸಿನ ಆಯಿಲ್ ಮೂರೂ ಕೆಲಸ ಮಾಡಬೇಕು. ಪಿಸ್ಟನ್, ಕ್ಯಾಮ್‌ಗಳ ನಡುವೆ ಪದರವಾಗಿ ನಿಂತು ಲೋಹ ಲೋಹಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಗೇರ್ ಹಲ್ಲುಗಳ ಮಧ್ಯೆ ಸಿಕ್ಕಿ ನಜ್ಜುಗುಜ್ಜಾಗಬೇಕು. ಆಯಿಲ್‌ನಲ್ಲೇ ಮುಳುಗಿರುವ ಕ್ಲಚ್ ಪ್ಲೇಟ್‌ಗಳನ್ನು ತಣ್ಣಗಿಡಬೇಕು, ಹಾಗಂತ ಅವು ಜಾರದಂತೆಯೂ ನೋಡಿಕೊಳ್ಳಬೇಕು. ಒಂದು ಕಡೆ ನುಣುಪು ಬೇಕು, ಇನ್ನೊಂದು ಕಡೆ ಹಿಡಿತ ಬೇಕು. ಬೈಕ್ ಆಯಿಲ್ ಯಾಕೆ ಬೇರೆ ಅನ್ನೋದಕ್ಕೆ ಉತ್ತರ ಈ ವಿರೋಧಾಭಾಸದಲ್ಲಿದೆ.

ಇನ್ನೊಂದು ವಿಷಯ. ಸ್ಪ್ಲೆಂಡರ್ ಥರದ ಅನೇಕ 100 ಸಿಸಿ ಬೈಕ್‌ಗಳಲ್ಲಿ ಕಾರಿನಂತೆ ಬದಲಿಸುವ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಒಂದು ಜಾಲರಿ ಮತ್ತು ತಿರುಗುವ ರಭಸಕ್ಕೆ ಕೊಳೆಯನ್ನು ಅಂಚಿಗೆ ಎಸೆಯುವ ಸೆಂಟ್ರಿಫ್ಯೂಗಲ್ ಫಿಲ್ಟರ್ ಇರುತ್ತೆ. ಸಣ್ಣ ಕಣಗಳು ಆಯಿಲ್‌ನಲ್ಲೇ ತೇಲಾಡುತ್ತಿರುತ್ತವೆ. ಅವು ಹೊರಗೆ ಹೋಗುವ ದಾರಿ ಒಂದೇ, ಡ್ರೈನ್ ಬೋಲ್ಟ್.

ಡಬ್ಬದ ಮೇಲಿನ ಮೂರು ಸಾಲು

ಬ್ರ್ಯಾಂಡ್ ಹೆಸರು, ಬೈಕ್ ರೇಸಿನ ಚಿತ್ರ, ಕ್ರಿಕೆಟಿಗನ ಮುಖ – ಇವನ್ನೆಲ್ಲ ಪಕ್ಕಕ್ಕಿಡಿ. ಡಬ್ಬದಲ್ಲಿ ಓದಬೇಕಾದ್ದು ಮೂರೇ ಸಾಲು.

ಮೊದಲನೆಯದು 10ಡಬ್ಲ್ಯು-30, 10ಡಬ್ಲ್ಯು-40, 20ಡಬ್ಲ್ಯು-40 ಎಂಬ ಸಂಖ್ಯೆ. ಇದು ಎಸ್‌ಎಇ ಗ್ರೇಡ್, ಆಯಿಲ್ ಎಷ್ಟು ದಪ್ಪ ಅನ್ನುವ ಅಳತೆ. ಡಬ್ಲ್ಯು ಅಂದರೆ ವಿಂಟರ್. ಅದರ ಹಿಂದಿನ ಸಂಖ್ಯೆ ಚಳಿಯಲ್ಲಿ ಆಯಿಲ್ ಹೇಗಿರುತ್ತೆ ಎಂದು ಹೇಳುತ್ತೆ. 10ಡಬ್ಲ್ಯು ಆಯಿಲ್ ಅನ್ನು ಪರೀಕ್ಷೆ ಮಾಡೋದು ಮೈನಸ್ 25 ಡಿಗ್ರಿಯಲ್ಲಿ, 20ಡಬ್ಲ್ಯು ಅನ್ನು ಮೈನಸ್ 15ರಲ್ಲಿ. ಬೆಂಗಳೂರಿಗೂ ಆ ಚಳಿಗೂ ಸಂಬಂಧ ಇಲ್ಲ ನಿಜ. ಆದರೂ ಬೆಳಗ್ಗೆ ಮೊದಲ ಸ್ಟಾರ್ಟ್‌ನಲ್ಲಿ ತೆಳು ಆಯಿಲ್ ಮೇಲಿನ ಕ್ಯಾಮ್‌ವರೆಗೆ ಬೇಗ ತಲುಪುತ್ತೆ, ಅಷ್ಟರ ಮಟ್ಟಿಗೆ ಲಾಭ.

ನಮಗೆ ಮುಖ್ಯವಾದದ್ದು ಎರಡನೇ ಸಂಖ್ಯೆ. ಅದು 100 ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ದಪ್ಪ ಉಳಿದಿರುತ್ತೆ ಅನ್ನೋದು. 30 ಗ್ರೇಡ್ ಅಂದರೆ 9.3ರಿಂದ 12.5 ಸೆಂಟಿಸ್ಟೋಕ್‌ವರೆಗೆ, 40 ಗ್ರೇಡ್ ಅಂದರೆ 12.5ರಿಂದ 16.3ರವರೆಗೆ. 40 ದಪ್ಪ, 30 ತೆಳು. ತೆಳು ಆಯಿಲ್ ಮೈಲೇಜ್‌ಗೆ ಒಳ್ಳೇದು, ದಪ್ಪ ಆಯಿಲ್ ಬಿಸಿಯಲ್ಲಿ ಪದರ ಗಟ್ಟಿಯಾಗಿ ಉಳಿಸುತ್ತೆ.

ಹಾಗಾದರೆ ಟ್ರಾಫಿಕ್‌ಗೆ ದಪ್ಪ ಆಯಿಲ್ ಹಾಕಿಸಬೇಕು ಅನ್ನೋ ಮಾತು ನಿಜವಾ? ಅರ್ಧ ನಿಜ. ಎಂಜಿನ್‌ನ ಒಳಗಿನ ಸಂದು, ಆಯಿಲ್ ಪಂಪ್ ಎಲ್ಲವನ್ನೂ ಒಂದು ಗ್ರೇಡ್ ನೋಡಿಕೊಂಡು ಮಾಡಿರುತ್ತಾರೆ. ಸ್ಪ್ಲೆಂಡರ್‌ಗೆ ಕಂಪನಿ ಹೇಳೋದು 10ಡಬ್ಲ್ಯು-30. ಪಲ್ಸರ್‌ನ ಹಲವು ಮಾದರಿಗಳಿಗೆ ಬಜಾಜ್ 20ಡಬ್ಲ್ಯು-50 ಎಂದು ಹೇಳಿಕೊಂಡು ಬಂದಿದೆ. ಎರಡನ್ನೂ ಅದಲುಬದಲು ಮಾಡುವಂತಿಲ್ಲ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಹೊರಗಿನ ತಾಪಮಾನಕ್ಕೆ ತಕ್ಕಂತೆ ಗ್ರೇಡ್ ತೋರಿಸುವ ಪಟ್ಟಿ ಇದ್ದು, ಅದರಲ್ಲಿ 40 ಗ್ರೇಡ್‌ಗೂ ಜಾಗ ಇದ್ದರೆ, ಎಂಜಿನ್ ಸಾಕಷ್ಟು ಓಡಿ ಆಯಿಲ್ ಕುಡಿಯೋಕೆ ಶುರು ಮಾಡಿದಾಗ 10ಡಬ್ಲ್ಯು-40ಕ್ಕೆ ಹೋಗೋದರಲ್ಲಿ ಅರ್ಥ ಇದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಓಡಿಸುವವರಿಗೆ ಬೆಂಗಳೂರಿನವರಿಗಿಂತ ಹೆಚ್ಚು ಅರ್ಥ ಇದೆ. ಪಟ್ಟಿಯಲ್ಲಿ ಇಲ್ಲದಿದ್ದರೆ ಕಂಪನಿ ಹೇಳಿದ ಗ್ರೇಡನ್ನೇ ಹಾಕಿಸಿ, ಬೇಗ ಬದಲಿಸಿ. ಹಳಸಿದ ದಪ್ಪ ಆಯಿಲ್‌ಗಿಂತ ತಾಜಾ ತೆಳು ಆಯಿಲ್ ಮೇಲು.

ಎರಡನೇ ಸಾಲು ಜಾಸೊ. ಗೇರ್ ಬೈಕ್ ಓಡಿಸುವವರು ಇದೊಂದನ್ನು ಮರೆಯಲೇಬಾರದು. 1990ರ ದಶಕದಲ್ಲಿ ಕಾರ್ ಆಯಿಲ್‌ಗಳಿಗೆ ಮೈಲೇಜ್ ಹೆಚ್ಚಿಸೋಕೆ ಜಾರಿಸುವ ರಾಸಾಯನಿಕಗಳನ್ನು ಸೇರಿಸೋದು ಹೆಚ್ಚಾಯಿತು. ಅದೇ ಆಯಿಲ್ ಬೈಕ್‌ಗೆ ಹಾಕಿದಾಗ ಕ್ಲಚ್ ಜಾರತೊಡಗಿತು. ಹಾಗಾಗಿ ಜಪಾನಿನವರು ಬೈಕ್‌ಗೆಂದೇ ಬೇರೆ ಮಾನದಂಡ ಮಾಡಿದರು. ಅದರಲ್ಲಿ ಎಂಎ ಅಂದರೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಹೊಂದುವಂಥದ್ದು, ಎಂಬಿ ಅಂದರೆ ಉಜ್ಜಾಟ ಕಡಿಮೆ ಇರುವಂಥದ್ದು. 2006ರಲ್ಲಿ ಎಂಎಯನ್ನು ಎಂಎ1, ಎಂಎ2 ಎಂದು ವಿಂಗಡಿಸಿದರು. ಎಂಎ2ನಲ್ಲಿ ಕ್ಲಚ್ ಹಿಡಿತ ಹೆಚ್ಚು. ದಿನವಿಡೀ ಅರ್ಧ ಕ್ಲಚ್‌ನಲ್ಲಿ, ಇಬ್ಬರ ಭಾರ ಹೊತ್ತು ಓಡುವ ಗಾಡಿಗೆ ಎಂಎ2 ಸಿಕ್ಕರೆ ಒಳ್ಳೇದು, ಇಲ್ಲದಿದ್ದರೆ ಎಂಎ ಇರಲೇಬೇಕು. ಕಾರಿನ ಆಯಿಲ್ ಸ್ವಲ್ಪ ಉಳಿದಿದೆ ಹಾಕಿಬಿಡೋಣ ಅಂದರೆ ಬೇಡ ಅನ್ನಿ. ಬ್ಯಾರೆಲ್‌ನಿಂದ ಬಿಡಿ ಅಳೆದು ಕೊಡುವ ಡೀಸೆಲ್ ಆಯಿಲ್‌ಗೂ ಅದೇ ಉತ್ತರ.

ಮೂರನೆಯದು ಎಪಿಐ. ಎಸ್‌ಜೆ, ಎಸ್‌ಎಲ್, ಎಸ್‌ಎಂ, ಎಸ್‌ಎನ್, ಎಸ್‌ಪಿ ಹೀಗೆ ಬರುತ್ತೆ. 'ಎಸ್' ಅಂದರೆ ಪೆಟ್ರೋಲ್ ಎಂಜಿನ್‌ನದು, ಅದರ ಮುಂದಿನ ಅಕ್ಷರ ಮುಂದೆ ಹೋದಷ್ಟೂ ಹೊಸ ಮಾನದಂಡ. ಎಸ್‌ಎಲ್ ಬಂದದ್ದು 2001ರಲ್ಲಿ, ಎಸ್‌ಎನ್ 2010ರಲ್ಲಿ, ಎಸ್‌ಪಿ 2020ರಲ್ಲಿ. ಮ್ಯಾನ್ಯುಯಲ್ ಎಸ್‌ಎಲ್ ಅಂದಿದ್ದರೆ ಎಸ್‌ಎಲ್ ಅಥವಾ ಅದಕ್ಕಿಂತ ಹೊಸತು ನಡೆಯುತ್ತೆ, ಜಾಸೊ ಎಂಎ ಮುದ್ರೆ ಜೊತೆಗಿರಬೇಕು ಅಷ್ಟೇ. ಎಸ್‌ಪಿ ಇದೆ ಅಂತ ಕಾರಿನ ಡಬ್ಬ ತಂದರೆ ಮತ್ತೆ ಕ್ಲಚ್ ಸಮಸ್ಯೆಗೇ ವಾಪಸ್.

ಸ್ಕೂಟರ್ ಓಡಿಸುವವರಿಗೆ

ಬೈಕ್ ಟ್ಯಾಕ್ಸಿ ಅಂತ ಕರೆದರೂ ಎಷ್ಟೋ ಜನ ಓಡಿಸೋದು ಸ್ಕೂಟರ್. ಅದರ ಒಳಗಿನ ವ್ಯವಸ್ಥೆ ಪೂರ್ತಿ ಬೇರೆ. ಕ್ಲಚ್ ಒಣಗಿರುತ್ತೆ, ಗೇರ್ ಬದಲು ಬೆಲ್ಟ್ ಇರುತ್ತೆ. ಆದ್ದರಿಂದ ಆಯಿಲ್ ಎಷ್ಟು ಜಾರಿದರೂ ತೊಂದರೆ ಇಲ್ಲ. ಆಕ್ಟಿವಾಗೆ ಹೋಂಡಾ ಹೇಳೋದು 10ಡಬ್ಲ್ಯು-30 ಎಂಬಿ. ಸ್ಕೂಟರ್‌ಗೆ ಎಂಎ ಹಾಕಿದರೆ ಮೈಲೇಜ್‌ನಲ್ಲಿ ಕೊಂಚ ವ್ಯತ್ಯಾಸ ಆಗಬಹುದು, ಗಾಡಿ ಹಾಳಾಗೋದಿಲ್ಲ. ಬೈಕ್‌ಗೆ ಎಂಬಿ ಹಾಕಿದರೆ ಕ್ಲಚ್ ಜಾರುತ್ತೆ. ಒಂದೇ ಮನೆಯಲ್ಲಿ ಸ್ಕೂಟರ್ರೂ ಬೈಕೂ ಇದ್ದು, ಉಳಿದ ಡಬ್ಬವನ್ನು ಇದಕ್ಕೂ ಅದಕ್ಕೂ ಹಾಕುವವರು ಇದನ್ನು ನೆನಪಿಡಬೇಕು.

ಸ್ಕೂಟರ್‌ನ ಹಿಂದಿನ ಚಕ್ರದ ಹತ್ತಿರ ಪುಟ್ಟ ಗೇರ್‌ಬಾಕ್ಸ್ ಇದೆ. ಅದರ ಆಯಿಲ್ ಬೇರೆ, ಪ್ರಮಾಣ 100 ಎಂಎಲ್‌ಗಿಂತ ಸ್ವಲ್ಪ ಜಾಸ್ತಿ. ಅದನ್ನೂ ಬದಲಿಸಬೇಕು ಅನ್ನೋದು ತುಂಬಾ ಜನಕ್ಕೆ ಹಿಂದಿನಿಂದ ಗುರ್ ಅನ್ನೋ ಸದ್ದು ಬಂದಾಗಲೇ ಗೊತ್ತಾಗೋದು.

ಸಿಂಥೆಟಿಕ್ ಹಾಕಿಸಿದರೆ ಲಾಭವಾ?

ಮಿನರಲ್, ಸೆಮಿ ಸಿಂಥೆಟಿಕ್, ಫುಲ್ ಸಿಂಥೆಟಿಕ್ – ಇದು ಆಯಿಲ್‌ನ ಮೂಲದ್ರವ ಎಷ್ಟು ಶುದ್ಧ, ಎಷ್ಟು ಏಕರೂಪ ಅನ್ನುವ ವಿಂಗಡಣೆ. ಸಿಂಥೆಟಿಕ್ ಬಿಸಿಗೆ ಬೇಗ ಕೆಡೋದಿಲ್ಲ. ತಾಪಮಾನ ಪ್ರತಿ 10 ಡಿಗ್ರಿ ಏರಿದಾಗ ಆಯಿಲ್ ಹಳಸುವ ವೇಗ ಸುಮಾರು ದುಪ್ಪಟ್ಟಾಗುತ್ತೆ ಅನ್ನೋದು ಎಂಜಿನಿಯರ್‌ಗಳ ಒಂದು ಅಂದಾಜು ಸೂತ್ರ. ಬಿಸಿಯಲ್ಲೇ ಬದುಕುವ ಗಾಡಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ 'ಸಿಂಥೆಟಿಕ್' ಅನ್ನುವ ಪದಕ್ಕೂ ಒಂದು ಇತಿಹಾಸ ಇದೆ. ಮೊದಲು ಅದು ಪ್ರಯೋಗಾಲಯದ ರಸಾಯನಶಾಸ್ತ್ರದಿಂದ ಕಟ್ಟಿದ ದ್ರವಕ್ಕೆ ಮಾತ್ರ ಅನ್ವಯವಾಗುತ್ತಿತ್ತು. ಕಚ್ಚಾತೈಲವನ್ನೇ ಹೆಚ್ಚು ಸಂಸ್ಕರಿಸಿ ಮಾಡಿದ್ದನ್ನೂ ಸಿಂಥೆಟಿಕ್ ಅನ್ನಬಹುದಾ ಎಂದು ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ನಡುವೆ ಜಗಳ ಆಯಿತು. 1999ರಲ್ಲಿ ಅಲ್ಲಿನ ಜಾಹೀರಾತು ಸ್ವಯಂನಿಯಂತ್ರಣ ಸಂಸ್ಥೆ ಕ್ಯಾಸ್ಟ್ರಾಲ್ ಪರ ನಿಂತಿತು. ಅಲ್ಲಿಂದ ಆ ಪದ ಮಾರುಕಟ್ಟೆಯ ಪದವಾಗಿಬಿಟ್ಟಿತು. ಎರಡು 'ಸಿಂಥೆಟಿಕ್' ಡಬ್ಬಗಳು ಒಂದೇ ಗುಣದವು ಎಂದುಕೊಳ್ಳೋಕೆ ಆಗೋದಿಲ್ಲ. ಮೇಲೆ ಹೇಳಿದ ಮೂರು ಸಾಲುಗಳನ್ನು ನಂಬಿ.

ಈಗ ದುಡ್ಡಿನ ಲೆಕ್ಕ. ಅರ್ಥ ಮಾಡಿಕೊಳ್ಳೋಕೆ ಅಂತ ಕೆಲವು ಸಂಖ್ಯೆ ಇಟ್ಟುಕೊಳ್ಳೋಣ. ನಿಮ್ಮ ಊರಿನ ಬೆಲೆ ಹಾಕಿ ನೀವೂ ಮಾಡಿ ನೋಡಬಹುದು. ಮಿನರಲ್ ಆಯಿಲ್ 400 ರೂಪಾಯಿ, ಕೂಲಿ 50, ಟ್ಯಾಕ್ಸಿ ಬಳಕೆಯಲ್ಲಿ 2500 ಕಿ.ಮೀ.ಗೆ ಬದಲು: ಕಿಲೋಮೀಟರ್‌ಗೆ 18 ಪೈಸೆ. ಸೆಮಿ ಸಿಂಥೆಟಿಕ್ 550, ಕೂಲಿ 50, 3500 ಕಿ.ಮೀ.: 17 ಪೈಸೆ. ಫುಲ್ ಸಿಂಥೆಟಿಕ್ 800, ಕೂಲಿ 50, 5000 ಕಿ.ಮೀ.: 17 ಪೈಸೆ.

ಅಂದರೆ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರೋದು ಬೇರೆ ಕಡೆ. ಸಿಂಥೆಟಿಕ್ ಹಾಕಿಸಿದರೆ ಗ್ಯಾರೇಜಿಗೆ ಹೋಗಿ ಕಾಯುವ ದಿನ ಕಡಿಮೆಯಾಗುತ್ತೆ, ಅಷ್ಟು ದುಡಿಮೆ ಉಳಿಯುತ್ತೆ. ಆದರೆ ಒಂದೇ ದಿನ 850 ರೂಪಾಯಿ ಎತ್ತಿ ಕೊಡಬೇಕು. ಬೈಕ್ ಸಾಲದ ಇಎಂಐ ಕಟ್ಟಿ, ಪೆಟ್ರೋಲ್ ಹಾಕಿಸಿ, ಊರಿಗೆ ದುಡ್ಡು ಕಳಿಸಿ ಕೈಯಲ್ಲಿ ಉಳಿಯುವುದರಲ್ಲಿ ಅಷ್ಟು ಒಟ್ಟಿಗೆ ಸಿಗೋದು ಕಷ್ಟ. ಹಾಗಾಗಿ 450ರದ್ದು ಹಾಕಿಸ್ತಾರೆ, ಸರಿಯಾದ ಸಮಯಕ್ಕೆ ಅದಕ್ಕೂ ದುಡ್ಡು ಹೊಂದದಿದ್ದರೆ ಮುಂದಿನ ವಾರಕ್ಕೆ ಹಾಕ್ತಾರೆ. ಆ ಮುಂದಿನ ವಾರಗಳೆಲ್ಲ ಸೇರಿ ಒಂದು ದಿನ ಎಂಜಿನ್ ಇಳಿಸುವ ಖರ್ಚಾಗಿ ಬರುತ್ತವೆ. ಬೋರ್, ಪಿಸ್ಟನ್, ರಿಂಗ್ ಅಂತ ಶುರುವಾದರೆ ಬಿಲ್ಲು ಸಾವಿರಗಳಲ್ಲಿ, ಗಾಡಿ ಗ್ಯಾರೇಜಿನಲ್ಲಿ ನಿಂತ ದಿನಗಳ ಗಳಿಕೆ ಸೊನ್ನೆ.

ನನ್ನ ಸಲಹೆ ಹೀಗಿದೆ. ಗೇರ್ ಬೈಕ್‌ಗೆ ಕಂಪನಿ ಹೇಳಿದ ಗ್ರೇಡ್, ಜಾಸೊ ಎಂಎ ಅಥವಾ ಎಂಎ2, ಎಪಿಐ ಎಸ್‌ಎಲ್ ಅಥವಾ ಹೊಸತು. ಕೈಗೆಟುಕಿದರೆ ಸೆಮಿ ಸಿಂಥೆಟಿಕ್ ಮಧ್ಯದ ದಾರಿ. ಫುಲ್ ಸಿಂಥೆಟಿಕ್ ಹಾಕಿಸಿದರೂ ಮ್ಯಾನ್ಯುಯಲ್‌ನ ಗಡಿ ದಾಟಬೇಡಿ, ಯಾಕೆಂದರೆ ಆಯಿಲ್ ಗಟ್ಟಿ ಇದ್ದರೂ ಒಳಗಿನ ಧೂಳು, ಲೋಹದ ಪುಡಿ, ಮಸಿ ಎಲ್ಲೂ ಹೋಗಿರೋದಿಲ್ಲ.

ಬದಲಿಸುವ ದಿನ ಗೊತ್ತಾಗೋದು ಹೇಗೆ?

ಅವರ್ ಮೀಟರ್ ಇಲ್ಲದಿದ್ದರೂ ಗಂಟೆ ಲೆಕ್ಕ ಹಾಕೋಕೆ ಮೊಬೈಲ್ ಸಾಕು. ದಿನಕ್ಕೆ ಎಂಜಿನ್ ಎಷ್ಟು ಗಂಟೆ ಆನ್ ಇರುತ್ತೆ ಅಂತ ಒಂದು ವಾರ ಬರೆದಿಟ್ಟು ಸರಾಸರಿ ತೆಗೀರಿ. ದಿನಕ್ಕೆ 120 ಕಿ.ಮೀ., ತಿಂಗಳಿಗೆ 26 ದಿನ ಓಡಿಸುವವರದ್ದು 3120 ಕಿ.ಮೀ. ಆಗುತ್ತೆ. ಅಂಥವರು ಮಿನರಲ್ ಆಯಿಲ್ ಆದರೆ ತಿಂಗಳು ತುಂಬುವ ಮೊದಲೇ ಬದಲಿಸೋದು ಒಳ್ಳೇದು. ತಿಂಗಳಿಗೊಂದು ದಿನ ಗೊತ್ತು ಮಾಡಿಕೊಂಡರೆ ಮರೆಯೋದಿಲ್ಲ.

ವಾರಕ್ಕೊಮ್ಮೆ ಆಯಿಲ್ ಮಟ್ಟ ನೋಡಿ. ಗಾಡಿಯನ್ನು ಸಮ ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಸ್ವಲ್ಪ ಹೊತ್ತು ಓಡಿಸಿ ಆಫ್ ಮಾಡಿ, ಎರಡು ಮೂರು ನಿಮಿಷ ಬಿಟ್ಟು ಕಡ್ಡಿ ತೆಗೆದು ಒರೆಸಿ ಮತ್ತೆ ಇಳಿಸಿ ನೋಡಬೇಕು. ಅನೇಕ ಗಾಡಿಗಳಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿ ಮಾಡದೆ ಸುಮ್ಮನೆ ಇಳಿಸಿ ನೋಡಬೇಕು. ನಿಮ್ಮದರಲ್ಲಿ ಹೇಗೆ ಅಂತ ಪುಸ್ತಕ ನೋಡಿ. ಒಂದು ಲೀಟರ್‌ಗೂ ಕಮ್ಮಿ ಆಯಿಲ್ ಇರುವ ಎಂಜಿನ್‌ನಲ್ಲಿ 200 ಎಂಎಲ್ ಕಮ್ಮಿಯಾಯಿತು ಅಂದರೆ ಐದರಲ್ಲೊಂದು ಪಾಲು ಹೋದಂತೆ.

ಆಯಿಲ್ ಕಪ್ಪಗಾಯಿತು ಅಂದ ಮಾತ್ರಕ್ಕೆ ಕೆಟ್ಟಿತು ಅಂತಲ್ಲ. ಮಸಿಯನ್ನು ತನ್ನೊಳಗೆ ಎಳೆದುಕೊಂಡಿದೆ, ತನ್ನ ಕೆಲಸ ಮಾಡಿದೆ ಅಂತ ಅರ್ಥ. ಬೆರಳಿನಲ್ಲಿ ಉಜ್ಜಿದಾಗ ನೀರಿನಂತೆ ಅನ್ನಿಸಿದರೆ, ಪೆಟ್ರೋಲ್ ವಾಸನೆ ಬಂದರೆ, ಗೇರ್ ಬೀಳೋಕೆ ಬಿಗಿಯಾದರೆ, ಟ್ಯಾಪೆಟ್ ಸದ್ದು ಜಾಸ್ತಿಯಾದರೆ ಬದಲಿಸುವ ಹೊತ್ತು ದಾಟಿದೆ. ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿನಲ್ಲಿ ಗಾಡಿ ಮುಳುಗಿ ಬಂದಮೇಲೆ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಅವತ್ತೇ ಬದಲಿಸಬೇಕು, ಮರುದಿನದ ಟ್ರಿಪ್ ಮುಗಿಸಿ ನೋಡೋಣ ಅನ್ನಬಾರದು.

ಖಾಲಿ ಡಬ್ಬ, ಕಪ್ಪು ಆಯಿಲ್

ನಕಲಿ ಆಯಿಲ್ ದೊಡ್ಡ ಪಿಡುಗು. ಹಳೇ ಆಯಿಲ್ ಸೋಸಿ, ಬಣ್ಣ ಸೇರಿಸಿ, ಅಸಲಿ ಕಂಪನಿಯ ಖಾಲಿ ಡಬ್ಬಕ್ಕೆ ತುಂಬಿ ಮಾರ್ತಾರೆ. ಆದ್ದರಿಂದ ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ. ಬ್ಯಾಚ್ ನಂಬರ್, ತಯಾರಿಕೆ ದಿನಾಂಕ ಅಳಿಸಿದಂತಿದ್ದರೆ, ಮಾಮೂಲಿ ಬೆಲೆಗಿಂತ ತೀರಾ ಕಡಿಮೆಗೆ ಕೊಟ್ಟರೆ ಬೇಡ ಅನ್ನಿ. ಬಿಲ್ ಕೇಳಿ. ಕೆಲಸ ಮುಗಿದ ಮೇಲೆ ಖಾಲಿ ಡಬ್ಬಕ್ಕೆ ಸ್ಕ್ರೂಡ್ರೈವರ್‌ನಿಂದ ತೂತು ಮಾಡಿ ಬಿಡಿ. ಅದು ಇನ್ನೊಬ್ಬ ರೈಡರ್‌ಗೆ ಮಾಡುವ ಉಪಕಾರ.

ಇಳಿಸಿದ ಕಪ್ಪು ಆಯಿಲ್ ಎಲ್ಲಿಗೆ ಹೋಗುತ್ತೆ? ಒಂದಿಷ್ಟು ಗುಜರಿಯವರಿಗೆ, ಒಂದಿಷ್ಟು ಸೆಂಟ್ರಿಂಗ್ ಹಲಗೆಗೆ ಬಳಿಯೋಕೆ, ಉಳಿದದ್ದು ಮೋರಿಗೆ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಕೇಂದ್ರ ಸರ್ಕಾರ 2016ರ ತ್ಯಾಜ್ಯ ನಿಯಮಗಳಿಗೆ 2023ರಲ್ಲಿ ತಿದ್ದುಪಡಿ ತಂದು, 2024ರ ಏಪ್ರಿಲ್‌ನಿಂದ ಬಳಸಿದ ಆಯಿಲ್ ವಾಪಸ್ ಸಂಗ್ರಹವಾಗಿ ಸಂಸ್ಕರಣೆಯಾಗುವ ಹೊಣೆಯನ್ನು ತಯಾರಕರ ಮೇಲೆ ಹಾಕಿದೆ. ಬೀದಿ ಬದಿಯ ಗ್ಯಾರೇಜಿನ ಮುರುಕು ಬಕೆಟ್‌ವರೆಗೆ ಆ ನಿಯಮ ತಲುಪಿಸೋದು ಯಾರ ಕೆಲಸ ಅಂತ ಕೇಳಬೇಕಾಗಿದೆ.

ಯಾರೂ ಎಣಿಸದ ಗಂಟೆಗಳು

ಇಷ್ಟು ಓದಿದ ಮೇಲೆ ನಿಮಗೆ ಅನ್ನಿಸಬಹುದು: ಕಿಲೋಮೀಟರ್‌ಗೆ 18 ಪೈಸೆ, ಇದೂ ಒಂದು ರಾಜಕೀಯ ವಿಷಯವಾ? ಪೆಟ್ರೋಲ್ ಒಂದಕ್ಕೇ ಕಿಲೋಮೀಟರ್‌ಗೆ ಎರಡು ರೂಪಾಯಿ ಆಗುವಾಗ?

ನಮ್ಮ ಕೆಎಸ್‌ಆರ್‌ಟಿಸಿ, ಬಿಎಂಟಿಸಿ ಡಿಪೊಗಳಲ್ಲಿ ಸಿಪಿಕೆಎಂ ಅನ್ನೋ ಪದ ಬಳಸ್ತಾರೆ, ಅಂದರೆ ಕಿಲೋಮೀಟರ್‌ಗೆ ಆಗುವ ಖರ್ಚು. ಡೀಸೆಲ್, ಆಯಿಲ್, ಟೈರ್, ಬಿಡಿಭಾಗ, ಸಂಬಳ, ಸವಕಳಿ ಎಲ್ಲವೂ ಅದರಲ್ಲಿ ಸೇರುತ್ತೆ. ಅದರ ಪಕ್ಕದಲ್ಲಿ ಇಪಿಕೆಎಂ, ಕಿಲೋಮೀಟರ್‌ಗೆ ಬರುವ ಆದಾಯ. ಎರಡನ್ನೂ ಇಟ್ಟು ನೋಡಿದಾಗಲೇ ಒಂದು ರೂಟು ಲಾಭದಲ್ಲಿದೆಯಾ ನಷ್ಟದಲ್ಲಿದೆಯಾ ಗೊತ್ತಾಗೋದು.

ಬೈಕ್ ಟ್ಯಾಕ್ಸಿ ಓಡಿಸುವವರ ಮೊಬೈಲ್‌ನಲ್ಲಿ ಕಾಣೋದು ಆದಾಯದ ಸಂಖ್ಯೆ ಮಾತ್ರ. ಇವತ್ತಿನ ಗಳಿಕೆ ಇಷ್ಟು, ಇನ್ನೆರಡು ಟ್ರಿಪ್ ಮಾಡಿದರೆ ಇನ್ಸೆಂಟಿವ್ ಇಷ್ಟು. ಖರ್ಚಿನ ಕಾಲಮ್ಮೇ ಅಲ್ಲಿಲ್ಲ. ದುಡ್ಡು ಸಿಗೋದು ಗಿರಾಕಿ ಹಿಂದೆ ಕೂತ ಕಿಲೋಮೀಟರ್‌ಗಳಿಗೆ. ಅವರನ್ನು ಹತ್ತಿಸಿಕೊಳ್ಳೋಕೆ ಖಾಲಿ ಓಡಿದ್ದು, ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕಾದಿದ್ದು ಆಯಿಲ್ ಲೆಕ್ಕದಲ್ಲಿದೆ, ಬಾಡಿಗೆ ಲೆಕ್ಕದಲ್ಲಿಲ್ಲ. 120 ಕಿ.ಮೀ.ನಲ್ಲಿ 40 ಖಾಲಿ ಓಡಿದರೆ 18 ಪೈಸೆಯ ಆಯಿಲ್ ಖರ್ಚು ದುಡಿದ ಕಿಲೋಮೀಟರ್‌ಗೆ 27 ಪೈಸೆ ಆಗುತ್ತೆ. ಟೈರ್, ಬ್ರೇಕ್ ಶೂ, ಚೈನ್, ಕ್ಲಚ್ ಪ್ಲೇಟ್, ಕಡೆಗೆ ಗಾಡಿಯ ಮರುಮಾರಾಟದ ಬೆಲೆ – ಪ್ರತಿಯೊಂದಕ್ಕೂ ಇದೇ ಗುಣಾಕಾರ. ಗಿರಾಕಿಗೆ ಸಿಗುವ ಅಗ್ಗದ ಸವಾರಿಯ ಒಂದು ಭಾಗವನ್ನು ರೈಡರ್ ತನ್ನ ಎಂಜಿನ್ ಸವೆಸಿ ಕೊಡ್ತಿದ್ದಾನೆ. ಅದು ಅವನಿಗೇ ಗೊತ್ತಿರೋದಿಲ್ಲ, ಯಾಕೆಂದರೆ ಖರ್ಚು ಇವತ್ತು ಕಾಣೋದಿಲ್ಲ, ಎರಡು ವರ್ಷ ಆದಮೇಲೆ ಕಾಣುತ್ತೆ.

ಸರ್ಕಾರಗಳೂ ಈ ಲೆಕ್ಕಕ್ಕೆ ಕೈ ಹಾಕಿಲ್ಲ. ಕರ್ನಾಟಕ 2021ರಲ್ಲಿ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ ತಂದಿತು. ಅದು ನೆಲೆಯೂರಿದ್ದರೆ ಎಂಜಿನ್ ಆಯಿಲ್‌ನ ಪ್ರಶ್ನೆಯೇ ಇರುತ್ತಿರಲಿಲ್ಲ, ಬ್ಯಾಟರಿ ಸವೆತದ ಪ್ರಶ್ನೆ ಇರುತ್ತಿತ್ತು. 2024ರ ಮಾರ್ಚ್‌ನಲ್ಲಿ ಸರ್ಕಾರ ಅದನ್ನು ವಾಪಸ್ ಪಡೆಯಿತು. ನಿಯಮ ರೂಪಿಸುವವರೆಗೆ ಬೈಕ್ ಟ್ಯಾಕ್ಸಿ ಓಡಿಸುವಂತಿಲ್ಲ ಎಂದು 2025ರ ಏಪ್ರಿಲ್‌ನಲ್ಲಿ ಹೈಕೋರ್ಟ್‌ನ ಏಕಸದಸ್ಯ ಪೀಠ ಹೇಳಿತು, ಜೂನ್ 16ರಿಂದ ಸೇವೆ ನಿಂತಿತು, ಮೇಲ್ಮನವಿಗಳು ವಿಭಾಗೀಯ ಪೀಠಕ್ಕೆ ಹೋದವು. ಅದೇ ವರ್ಷದ ಜುಲೈನಲ್ಲಿ ಕೇಂದ್ರದ ಅಗ್ರಿಗೇಟರ್ ಮಾರ್ಗಸೂಚಿ ಬಂತು. ರಾಜ್ಯಗಳು ಒಪ್ಪಿದರೆ ಬಿಳಿ ಬೋರ್ಡ್ ಬೈಕ್‌ಗಳನ್ನೂ ಬಳಸಬಹುದು ಎಂದಿತು. ಈ ಹಗ್ಗಜಗ್ಗಾಟದ ಉದ್ದಕ್ಕೂ ಚರ್ಚೆ ಆಗಿದ್ದು ಗಾಡಿ ಓಡಬೇಕಾ ಬೇಡವಾ ಅಂತ. ಓಡಿದರೆ ಅದರ ಸವೆತ ಯಾರ ತಲೆ ಮೇಲೆ ಅಂತ ಅಲ್ಲ.

ಪಕ್ಕದ ಗೋವಾದಲ್ಲಿ ಮೋಟಾರ್‌ಸೈಕಲ್ 'ಪೈಲಟ್'ಗಳು ದಶಕಗಳಿಂದ ಹಳದಿ ಮಡ್‌ಗಾರ್ಡ್ ಹಾಕಿಕೊಂಡು ಕಾನೂನಿನ ಒಳಗೇ ಓಡ್ತಿದ್ದಾರೆ. ಗಾಡಿ ವಾಣಿಜ್ಯ ಬಳಕೆಯದ್ದು ಎಂದು ಬಹಿರಂಗವಾಗಿ ಹೇಳೋಕೆ ಆದಾಗಲೇ ಅದರ ವಿಮೆ, ವಾರಂಟಿ, ಸರ್ವಿಸ್ ಬಗ್ಗೆಯೂ ಬಹಿರಂಗವಾಗಿ ಮಾತಾಡೋಕೆ ಆಗೋದು. ಹಲವು ಕಂಪನಿಗಳ ವಾರಂಟಿಯಲ್ಲಿ ವಾಣಿಜ್ಯ ಬಳಕೆಗೆ ಬೇರೆ ಷರತ್ತುಗಳಿವೆ. ಹಾಗಿರುವಾಗ ಬಿಳಿ ಬೋರ್ಡ್‌ನ ರೈಡರ್ ಸರ್ವಿಸ್ ಸೆಂಟರ್‌ನಲ್ಲಿ "ನಾನು ದಿನಾ 120 ಕಿಲೋಮೀಟರ್ ಬಾಡಿಗೆ ಓಡಿಸ್ತೀನಿ, ಯಾವ ಆಯಿಲ್ ಹಾಕಲಿ?" ಅಂತ ಬಾಯಿಬಿಟ್ಟು ಕೇಳೋಕೂ ಹಿಂಜರೀತಾನೆ.

2025ರ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ಒಳ್ಳೆಯ ಹೆಜ್ಜೆ. ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟು ಕ್ಷೇಮಾಭಿವೃದ್ಧಿ ಶುಲ್ಕವನ್ನು ಅಗ್ರಿಗೇಟರ್‌ಗಳಿಂದ ವಸೂಲು ಮಾಡಿ ಸಾಮಾಜಿಕ ಭದ್ರತೆಗೆ ಬಳಸುವ ವ್ಯವಸ್ಥೆ ಅದರಲ್ಲಿದೆ. ಅದು ಕಾರ್ಮಿಕರ ದೇಹವನ್ನು ನೋಡಿಕೊಳ್ಳುವ ಕಾನೂನು. ಅವರು ಈ ವ್ಯಾಪಾರಕ್ಕೆ ಹೂಡಿದ ಬಂಡವಾಳ, ಅಂದರೆ ಗಾಡಿ, ಇನ್ನೂ ಅವರ ಖಾಸಗಿ ಕಷ್ಟವಾಗಿಯೇ ಉಳಿದಿದೆ.

ಕೇಳಬೇಕಾದ್ದು ದೊಡ್ಡದೇನಲ್ಲ. ಒಂದು, ಆ್ಯಪ್‌ಗೆ ಜಿಪಿಎಸ್ ಮೂಲಕ ಪ್ರತಿ ರೈಡರ್ ಆನ್‌ಲೈನ್ ಇದ್ದ ಹೊತ್ತು, ಖಾಲಿ ಓಡಿದ ದೂರ ಎಲ್ಲವೂ ಗೊತ್ತಿದೆ. ಅದನ್ನು ರೈಡರ್‌ಗೂ ತೋರಿಸಲಿ. ಸರ್ವಿಸ್ ಬಾಕಿ ಇದೆ ಎಂದು ಗಂಟೆ ಲೆಕ್ಕದಲ್ಲಿ ನೆನಪಿಸೋಕೆ ಆ ಮಾಹಿತಿ ಧಾರಾಳ ಸಾಕು. ಎರಡು, ಬೈಕ್ ಕಂಪನಿಗಳು ಬಾಡಿಗೆ ಬಳಕೆಗೆ ಬೇರೆ ಸರ್ವಿಸ್ ಪಟ್ಟಿಯನ್ನು ಮ್ಯಾನ್ಯುಯಲ್‌ನಲ್ಲೇ, ಕನ್ನಡದಲ್ಲೂ ಮುದ್ರಿಸಲಿ. ಇಲ್ಲೇ ತಯಾರಾಗುವ ಬಜಾಜ್ ಬಾಕ್ಸರ್ ಉಗಾಂಡ, ಕೀನ್ಯಾದ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ಓಡುತ್ತೆ. ಬಾಡಿಗೆ ಬಳಕೆ ಅಂದರೆ ಏನು ಅಂತ ಕಂಪನಿಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮೂರು, ಸರ್ಕಾರ ಯಾವತ್ತು ಕನಿಷ್ಠ ದರ ನಿಗದಿ ಮಾಡಿದರೂ ಸಿಪಿಕೆಎಂ ಲೆಕ್ಕ ಹಾಕಿ ಮಾಡಲಿ, ಖಾಲಿ ಓಟವನ್ನೂ ಸೇರಿಸಲಿ.

ನಾಲ್ಕನೆಯದು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ರೈಡರ್‌ಗಳ ಸಂಘಗಳು ಒಟ್ಟಾಗಿ ಆಯಿಲ್ ಕೊಳ್ಳಬಹುದು. 210 ಲೀಟರ್‌ನ ಒಂದು ಬ್ಯಾರೆಲ್ ಇನ್ನೂರಕ್ಕೂ ಹೆಚ್ಚು ಬೈಕ್‌ಗಳಿಗೆ ಸಾಕು. ಹಾಲಿಗೆ ಸೊಸೈಟಿ ಕಟ್ಟಿ, ಅಳತೆ, ಗುಣಮಟ್ಟ, ಬಟವಾಡೆ ಎಲ್ಲವನ್ನೂ ಊರಿನವರೇ ನಡೆಸಿದ ನಾಡು ಇದು. ಅಧಿಕೃತ ವಿತರಕರಿಂದ ನೇರವಾಗಿ ತಂದರೆ ನಕಲಿಯ ಭಯ ತಪ್ಪುತ್ತೆ, 850 ಒಟ್ಟಿಗೆ ಇಲ್ಲದವರು ವಾರಕ್ಕಿಷ್ಟು ಅಂತ ಕಟ್ಟಬಹುದು, ಕಪ್ಪು ಆಯಿಲ್ ಒಂದೇ ಕಡೆ ಸೇರಿ ಅಧಿಕೃತ ಸಂಸ್ಕರಣೆಗೆ ಹೋಗುತ್ತೆ.

ಮುಂದಿನ ಸಲ ಬೈಕ್ ಟ್ಯಾಕ್ಸಿ ಪರ-ವಿರೋಧ ಮಾತು ಬಂದಾಗ ನೀವು ಯಾವ ಕಡೆ ಬೇಕಾದರೂ ನಿಲ್ಲಿ. ಆದರೆ ದರ ಎಷ್ಟು ಅಗ್ಗ ಅಂತ ಯಾರಾದರೂ ಹೇಳಿದರೆ, ಅದರಲ್ಲಿ ಗಾಡಿಯ ಸವೆತ ಸೇರಿದೆಯಾ ಅಂತ ಒಂದು ಸಲ ಕೇಳಿ. ನೀವೇ ಗಾಡಿ ಓಡಿಸುವವರಾಗಿದ್ದರೆ, ನಾಳೆ ಬೆಳಗ್ಗೆ ಆ್ಯಪ್ ಆನ್ ಮಾಡುವ ಮೊದಲು ಆಯಿಲ್ ಕಡ್ಡಿ ಎತ್ತಿ ನೋಡಿ.